ಆಟಗಾರನ ಟೇಪು: ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

(ಸಂಘದ ವಾರ್ಷಿಕ ಕ್ರೀಡಾಕೂಟದ ಪೂರ್ವಸಿದ್ಧತಾ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಾಮಾನ್ಯವಾಗಿ ಫಿಸಿಯೋಥೆರಪಿಸ್ಟನನ್ನು ಕರೆಯುವುದು ಕಾಲು ಉಳುಕಿದ ಮೇಲೆ. ಕ್ರೀಡಾಕೂಟಕ್ಕೆ ಇನ್ನೂ ಮೂರು ವಾರ ಇರುವಾಗಲೇ ನನ್ನನ್ನು ಕರೆದು ನಿಮ್ಮ ಮುಂದೆ ನಿಲ್ಲಿಸಿದ್ದಕ್ಕಾಗಿ ಸಂಘದವರಿಗೆ ಮೊದಲು ಕೃತಜ್ಞತೆ ಹೇಳುತ್ತೇನೆ.

ಸಭಾಂಗಣಕ್ಕೆ ಬರುವ ಮೊದಲು ನಾನು ನಿಮ್ಮ ಮೈದಾನಕ್ಕೆ ಒಂದು ಸುತ್ತು ಹಾಕಿ ಬಂದೆ. ಕಬಡ್ಡಿ ಅಭ್ಯಾಸ ನಡೆಯುತ್ತಿತ್ತು. ಒಬ್ಬ ಹುಡುಗನ ಮಂಡಿಯ ಸುತ್ತ ನೀಲಿ ಟೇಪು, ಇನ್ನೊಬ್ಬನ ಭುಜದ ಮೇಲೆ ಗುಲಾಬಿ ಟೇಪು. ನೀಲಿ ಟೇಪಿನವನನ್ನು ಕರೆದು, “ಮಂಡಿಗೆ ಏನಾಗಿದೆ?” ಎಂದು ಕೇಳಿದೆ. “ಏನೂ ಆಗಿಲ್ಲ ಸಾರ್, ಹಾಕಿದರೆ ಜೋರು ಬರುತ್ತದೆ” ಎಂದ. ಅವನು ಈಗ ಇಲ್ಲಿಯೇ ಎಲ್ಲೋ ಕುಳಿತಿದ್ದಾನೆ. ಹೆದರಬೇಡಪ್ಪ, ಹೆಸರು ಹೇಳುವುದಿಲ್ಲ. ಆದರೆ ಇಂದು ಟೇಪಿನ ಬಗ್ಗೆಯೇ ಮಾತನಾಡಬೇಕೆಂದು ನಾನು ನಿರ್ಧರಿಸಿದ್ದು ಅವನ ಆ ಮಾತಿನಿಂದ.

ಆದರೆ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ. ನಾನು ವೃತ್ತಿ ಆರಂಭಿಸಿದ ಮೊದಲ ವರ್ಷ. ಒಂದು ಶುಕ್ರವಾರ ಸಂಜೆ ಪಿಯುಸಿ ಓದುವ ಹುಡುಗನೊಬ್ಬ ಗೆಳೆಯನ ಬೈಕಿನ ಹಿಂದೆ ಕುಳಿತು ಬಂದ. ವಾಲಿಬಾಲ್ ಆಡುವಾಗ ನೆಟ್ಟಿನ ಬಳಿ ಮೇಲಕ್ಕೆ ಹಾರಿ, ಇಳಿಯುವಾಗ ಎದುರಾಳಿಯ ಪಾದದ ಮೇಲೆ ಕಾಲಿಟ್ಟಿದ್ದ. ಪಾದ ಒಳಕ್ಕೆ ಮಡಚಿಕೊಂಡಿತ್ತು. “ಭಾನುವಾರ ಫೈನಲ್ ಇದೆ ಸಾರ್, ಗಟ್ಟಿಯಾಗಿ ಒಂದು ಟೇಪ್ ಹಾಕಿಬಿಡಿ” ಎಂದ. ನಾನು ಊತ ನೋಡಿದೆ, ಗಂಟಿನ ಕೆಳಗೆ ಒತ್ತಿ ನೋಡಿದೆ, ಇದು ಉಳುಕು ಎಂದು ತೀರ್ಮಾನಿಸಿದೆ. ಆಗತಾನೇ ಕಲಿತು ಬಂದ ವಿದ್ಯೆ; ಬಹಳ ಅಂದವಾಗಿ ಟೇಪು ಸುತ್ತಿದೆ. ಹುಡುಗನಿಗೂ ಸಂತೋಷ, ನನಗೂ ಸಂತೋಷ. ಆದರೆ ಅವನ ಪಾದದ ಹೊರ ಅಂಚನ್ನು, ಕಿರುಬೆರಳಿನ ಹಿಂದೆ ಇರುವ ಉದ್ದ ಮೂಳೆಯ ಬುಡವನ್ನು, ನಾನು ಒತ್ತಿ ನೋಡಲಿಲ್ಲ. ನಾಲ್ಕು ಹೆಜ್ಜೆ ನಡೆಸಿ ನೋಡಲಿಲ್ಲ. ಭಾನುವಾರ ಎರಡನೇ ಸೆಟ್ಟಿನಲ್ಲಿ ಅವನು ಕುಸಿದು ಬಿದ್ದ. ಎಕ್ಸ್‌ರೇ ತೆಗೆಸಿದಾಗ ಆ ಮೂಳೆಯ ಬುಡದಲ್ಲಿ ಬಿರುಕು ಬಿಟ್ಟಿರುವುದು ಕಂಡಿತು. ಆ ವರ್ಷದ ಆಟವೆಲ್ಲ ಅವನ ಕೈತಪ್ಪಿತು.

ಟೇಪಿನಲ್ಲಿ ದೋಷವಿರಲಿಲ್ಲ. ಸುತ್ತಿದ ರೀತಿಯಲ್ಲೂ ದೋಷವಿರಲಿಲ್ಲ. ಏನನ್ನು ಮುಚ್ಚುತ್ತಿದ್ದೇನೆ ಎಂದು ನೋಡದೆ ಮುಚ್ಚಿದ್ದೇ ದೋಷ. ಇಂದಿನ ನನ್ನ ಮಾತುಗಳ ಸಾರವೆಲ್ಲ ಇದರಲ್ಲೇ ಇದೆ.

ಉಳುಕಿದಾಗ ಒಳಗೆ ಏನಾಗುತ್ತದೆ?

ಕಬಡ್ಡಿ, ವಾಲಿಬಾಲ್, ಫುಟ್ಬಾಲ್, ಥ್ರೋಬಾಲ್ ಯಾವುದನ್ನೇ ಆಡಿ, ಬಹಳ ಬೇಗ ಪೆಟ್ಟು ತಿನ್ನುವ ಕೀಲು ಪಾದದ ಗಂಟು. ಆಡುಮಾತಿನಲ್ಲಿ ನೀವೆಲ್ಲ ಆ್ಯಂಕಲ್ ಎನ್ನುತ್ತೀರಿ. ಒಂದು ಮೂಳೆಯನ್ನು ಇನ್ನೊಂದು ಮೂಳೆಗೆ ಕಟ್ಟಿ ಹಿಡಿದಿರುವ ಹಗ್ಗದಂಥ ಪಟ್ಟಿಗಳಿಗೆ ಅಸ್ಥಿರಜ್ಜು ಅಥವಾ ಲಿಗಮೆಂಟ್ ಎಂದು ಹೆಸರು. ಗಂಟಿನ ಹೊರಬದಿಯಲ್ಲಿ ಇಂಥ ಮೂರು ಮುಖ್ಯ ಪಟ್ಟಿಗಳಿವೆ. ಪಾದ ಒಳಕ್ಕೆ ಮಡಚಿದಾಗ ಇವು ಅಳತೆ ಮೀರಿ ಎಳೆಯಲ್ಪಡುತ್ತವೆ. ಕೆಲವು ಎಳೆಗಳು ಹರಿದರೆ ಸಣ್ಣ ಉಳುಕು, ಪೂರ್ತಿ ಹರಿದರೆ ದೊಡ್ಡ ಉಳುಕು.

ಹರಿದ ಎಳೆಗಳನ್ನು ದೇಹವೇ ಮತ್ತೆ ನೇಯುತ್ತದೆ. ಆದರೆ ಅದಕ್ಕೆ ಕಾಲ ಬೇಕು. ನೋವು ಒಂದೆರಡು ವಾರದಲ್ಲಿ ಇಳಿದರೂ ಒಳಗಿನ ನೇಯ್ಗೆ ಬಲಗೊಳ್ಳಲು ವಾರಗಳಲ್ಲ, ತಿಂಗಳುಗಳೇ ಹಿಡಿಯುತ್ತವೆ. ನೋವು ಹೋಯಿತು ಎಂದರೆ ಗಾಯ ಮಾಯಿತು ಎಂದು ಅರ್ಥವಲ್ಲ. ನಮ್ಮ ಹುಡುಗರು ಎಡವುವುದು ಈ ಅಂತರದಲ್ಲಿಯೇ.

ಇನ್ನೊಂದು ಸಂಗತಿಯೂ ಇದೆ. ಅಸ್ಥಿರಜ್ಜು ಬರೀ ಹಗ್ಗವಲ್ಲ. ಅದರಲ್ಲಿ ನರಗಳ ತುದಿಗಳಿವೆ. ಕಣ್ಣು ಮುಚ್ಚಿದರೂ ನಿಮ್ಮ ಪಾದ ಹೇಗೆ ಇದೆ, ಎತ್ತ ವಾಲಿದೆ ಎಂದು ಮಿದುಳಿಗೆ ತಿಳಿಸುವವರಲ್ಲಿ ಅವೂ ಸೇರಿವೆ. 1965ರಲ್ಲಿ ಇಂಗ್ಲೆಂಡಿನ ಮೂಳೆತಜ್ಞ ಫ್ರೀಮನ್ ಮತ್ತು ಸಂಗಡಿಗರು ಒಂದು ವಿಷಯ ತೋರಿಸಿದರು: ಉಳುಕಿದ ಕಾಲಿನ ಮೇಲೆ ನಿಂತು ಸಮತೋಲನ ಕಾಯ್ದುಕೊಳ್ಳುವುದು ಅನೇಕರಿಗೆ ಕಷ್ಟವಾಗುತ್ತದೆ, ಮತ್ತು ಅಲುಗಾಡುವ ಹಲಗೆಯ ಮೇಲೆ ನಿಲ್ಲುವ ಅಭ್ಯಾಸದಿಂದ ಅದು ಸುಧಾರಿಸುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಏಕೆ ಉಳುಕುತ್ತದೆ ಎಂಬುದಕ್ಕೆ ಇದು ಒಂದು ಮುಖ್ಯ ಉತ್ತರ. ಹಗ್ಗ ಸಡಿಲವಾಗಿರುವುದು ಮಾತ್ರವಲ್ಲ, ಕಾವಲುಗಾರನೂ ನಿದ್ರೆ ಹೋಗಿದ್ದಾನೆ.

ಟೇಪುಗಳಲ್ಲಿ ಎರಡು ಜಾತಿ

ಮೊದಲನೆಯದು ಹಿಗ್ಗದ ಟೇಪು. ಬಿಳಿಯ ಬಟ್ಟೆಯ ಮೇಲೆ ಅಂಟು, ಹೆಚ್ಚಿನವುಗಳ ಅಂಟಿನಲ್ಲಿ ಜಿಂಕ್ ಆಕ್ಸೈಡ್. ಇದನ್ನು ಎಳೆದರೂ ಉದ್ದವಾಗುವುದಿಲ್ಲ. ಪಾದ ಅತಿಯಾಗಿ ಒಳಕ್ಕೆ ಮಡಚದಂತೆ ತಡೆಯುವುದು ಇದರ ಕೆಲಸ. ಇದು ಹೊಸದೇನೂ ಅಲ್ಲ. 1895ರಲ್ಲಿಯೇ ನ್ಯೂಯಾರ್ಕಿನ ಶಸ್ತ್ರವೈದ್ಯ ಗಿಬ್ನಿ ಎಂಬವರು ಉಳುಕಿದ ಗಂಟಿಗೆ ಬುಟ್ಟಿ ಹೆಣೆದ ಹಾಗೆ ಅಡ್ಡ ಮತ್ತು ಉದ್ದ ಪಟ್ಟಿಗಳನ್ನು ಹಚ್ಚುವ ಕ್ರಮವನ್ನು ಪ್ರಕಟಿಸಿದ್ದರು. ಇಂದಿಗೂ ಆ ಹೆಣಿಗೆಗೆ ಅವರ ಹೆಸರೇ ಇದೆ.

ಎರಡನೆಯದು ಹಿಗ್ಗುವ ಬಣ್ಣದ ಟೇಪು. ಇದನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ. ಹತ್ತಿಯ ಬಟ್ಟೆ, ಅಲೆಯಲೆಯಾಗಿ ಬಳಿದ ಅಂಟು, ಚರ್ಮದಂತೆಯೇ ಹಿಗ್ಗುತ್ತದೆ. ಮೂರರಿಂದ ಐದು ದಿನ ಮೈಮೇಲೆ ಇರುತ್ತದೆ, ಸ್ನಾನ ಮಾಡಿದರೂ ಕಳಚುವುದಿಲ್ಲ. ನೀವು ತಿಳಿದಿರಬೇಕಾದ ಮಾತೆಂದರೆ, ಅದರಲ್ಲಿ ಯಾವ ಔಷಧಿಯೂ ಇಲ್ಲ. ನೀಲಿಗೆ ಒಂದು ಗುಣ, ಗುಲಾಬಿಗೆ ಇನ್ನೊಂದು ಗುಣ ಎಂಬುದೂ ಇಲ್ಲ. ಬಣ್ಣ ಕಣ್ಣಿಗೆ ಮಾತ್ರ.

ಇದು ಜಗತ್ತಿಗೆ ಪರಿಚಯವಾದದ್ದು ಆಟದ ಮೈದಾನದಿಂದ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಬೀಚ್ ವಾಲಿಬಾಲ್ ಚಿನ್ನ ಗೆದ್ದ ಅಮೆರಿಕದ ಕೆರಿ ವಾಲ್ಷ್ ಅವರ ಭುಜದ ಮೇಲೆ ಕಪ್ಪು ಟೇಪು ಇತ್ತು. 2012ರ ಯೂರೋ ಕಪ್ ಸೆಮಿಫೈನಲ್‌ನಲ್ಲಿ ಜರ್ಮನಿಯ ವಿರುದ್ಧ ಎರಡು ಗೋಲು ಹೊಡೆದ ಇಟಲಿಯ ಬಾಲೊಟೆಲ್ಲಿ ಅಂಗಿ ಕಳಚಿ ನಿಂತಾಗ ಬೆನ್ನಿನ ಮೇಲೆ ನೀಲಿ ಪಟ್ಟಿಗಳು ಕಂಡವು. ನಮ್ಮಲ್ಲಿ 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ಮನೆಯ ಟೀವಿಯಲ್ಲಿ ಕಬಡ್ಡಿ ಆಟಗಾರರ ಮೈಮೇಲೆಯೂ ಇಂಥ ಟೇಪು ಕಾಣತೊಡಗಿತು. ಕಣ್ಣಿಗೆ ಕಂಡದ್ದು ಮನಸ್ಸಿಗೆ ನಾಟಿತು: ಗೆಲ್ಲುವವರು ಟೇಪು ಹಾಕುತ್ತಾರೆ, ಆದ್ದರಿಂದ ಟೇಪು ಹಾಕಿದರೆ ಗೆಲ್ಲಬಹುದು. ಆ ಆಟಗಾರರ ಹಿಂದೆ ವೈದ್ಯರು, ವ್ಯಾಯಾಮ ತಜ್ಞರು, ವರ್ಷಗಟ್ಟಲೆಯ ತಯಾರಿ ಇರುತ್ತದೆ. ಟೀವಿಯಲ್ಲಿ ಅದೊಂದೂ ಕಾಣುವುದಿಲ್ಲ, ಟೇಪು ಮಾತ್ರ ಕಾಣುತ್ತದೆ.

ಪರೀಕ್ಷೆಗಳು ಏನು ಹೇಳುತ್ತವೆ?

ಬಣ್ಣದ ಟೇಪಿನ ಬಗ್ಗೆ ಮೊದಲು ನೋಡೋಣ. ಇದು ಚರ್ಮವನ್ನು ಸ್ವಲ್ಪ ಮೇಲಕ್ಕೆತ್ತಿ ಸುಕ್ಕು ಮಾಡುತ್ತದೆ, ಅದರಿಂದ ರಕ್ತ ಸಂಚಾರ ಹೆಚ್ಚಿ ನೋವು ಇಳಿಯುತ್ತದೆ ಎಂಬುದು ಇದರ ಪರವಾದ ವಾದ. ಬ್ರೆಜಿಲ್ ದೇಶದ ಸಂಶೋಧಕರು ದೀರ್ಘಕಾಲದ ಬೆನ್ನುನೋವಿದ್ದ 148 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸುಕ್ಕು ಬರುವಂತೆ ಎಳೆದು ಟೇಪು ಹಚ್ಚಿದರು, ಇನ್ನೊಂದು ಗುಂಪಿಗೆ ಎಳೆಯದೆ ಸುಮ್ಮನೆ ಹಚ್ಚಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನೋವಿನಲ್ಲಾಗಲಿ, ದಿನನಿತ್ಯದ ಕೆಲಸದ ತೊಂದರೆಯಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇದಕ್ಕೂ ಮೊದಲು, 2012ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಕ್ರೀಡಾ ಗಾಯಗಳ ತಡೆಗಾಗಲಿ ಚಿಕಿತ್ಸೆಗಾಗಲಿ ಇದನ್ನು ಸಮರ್ಥಿಸುವ ಉತ್ತಮ ಆಧಾರ ಬಹಳ ಕಡಿಮೆ ಎಂದಿದ್ದರು.

ಹಾಗಾದರೆ ಹಾಕಿಕೊಂಡವರಿಗೆ ಹಿತವೆನಿಸುವುದು ಸುಳ್ಳೇ? ಸುಳ್ಳಲ್ಲ. ಪೆಟ್ಟು ಬಿದ್ದ ಜಾಗವನ್ನು ಕೈಯಿಂದ ಉಜ್ಜಿಕೊಂಡರೆ ನೋವು ಕಡಿಮೆ ಎನಿಸುವುದಿಲ್ಲವೇ? ಚರ್ಮದ ಮೇಲಿನ ಸ್ಪರ್ಶ ನೋವಿನ ಸಂದೇಶವನ್ನು ಸ್ವಲ್ಪ ಮಂದ ಮಾಡಬಲ್ಲದು. ನನಗೆ ಆಸರೆ ಇದೆ ಎಂಬ ಧೈರ್ಯವೂ ಸೇರಿಕೊಳ್ಳುತ್ತದೆ. ಆದ್ದರಿಂದ ಕೆಲವರಿಗೆ ಕೆಲವು ದಿನ ಸ್ವಲ್ಪ ಹಿತವಾಗಬಹುದು. ಆದರೆ ನಮ್ಮ ನೀಲಿ ಟೇಪಿನ ಗೆಳೆಯ ಹೇಳಿದಂತೆ “ಜೋರು” ಅದರಿಂದ ಬರುವುದಿಲ್ಲ.

ಹಿಗ್ಗದ ಬಿಳಿ ಟೇಪಿನ ಕಥೆ ಬೇರೆ. ಮುಂಚೆ ಉಳುಕಿದ ಕಾಲಿಗೆ ಆಟದ ಹೊತ್ತಿನಲ್ಲಿ ಟೇಪು ಅಥವಾ ಕಟ್ಟುವ ಬ್ರೇಸು ಹಾಕಿದರೆ ಮತ್ತೆ ಉಳುಕುವ ಸಂಭವ ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. 1973ರಲ್ಲಿಯೇ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಇದನ್ನು ಗುರುತಿಸಿದ್ದರು. ಆದರೆ ಇದಕ್ಕೂ ಒಂದು ಮಿತಿ ಇದೆ. 1962ರ ಒಂದು ಪರೀಕ್ಷೆಯಲ್ಲಿ, ಹತ್ತು ನಿಮಿಷ ಜೋರಾಗಿ ವ್ಯಾಯಾಮ ಮಾಡಿದ ಮೇಲೆ ಟೇಪು ಕೊಡುತ್ತಿದ್ದ ಆಸರೆಯಲ್ಲಿ ಸುಮಾರು ನೂರಕ್ಕೆ ನಲವತ್ತರಷ್ಟು ಇಳಿದುಹೋಗಿತ್ತು. ಬೆವರು, ಚರ್ಮದ ಜಾರುವಿಕೆ, ಎಳೆತ ಎಲ್ಲ ಸೇರಿ ಅದನ್ನು ಸಡಿಲಗೊಳಿಸುತ್ತವೆ. ಬೆಳಿಗ್ಗೆ ಸುತ್ತಿಕೊಂಡ ಟೇಪು ಸಂಜೆಯ ಫೈನಲಿಗೆ ಕಾವಲು ಕಾಯುತ್ತದೆ ಎಂದು ನಂಬಬೇಡಿ.

ಮಂಡಿಯ ವಿಷಯದಲ್ಲಿ ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆನ್ನಿ ಮೆಕಾನೆಲ್ 1986ರಲ್ಲಿ ಒಂದು ಕ್ರಮ ಪ್ರಕಟಿಸಿದರು. ಮಂಡಿಚಿಪ್ಪನ್ನು ಟೇಪಿನಿಂದ ಒಳಬದಿಗೆ ಸ್ವಲ್ಪ ಎಳೆದು ಹಿಡಿದರೆ, ಮೆಟ್ಟಿಲು ಹತ್ತುವಾಗ ಮಂಡಿಯ ಮುಂಭಾಗ ನೋಯುವವರಿಗೆ ಆ ಹೊತ್ತಿಗೆ ನೋವು ತಗ್ಗಬಹುದು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ನೋವು ತಗ್ಗಿದ ಆ ಹೊತ್ತಿನಲ್ಲಿ ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಕೊಡಬೇಕು ಎಂಬುದು ಅವರ ಕ್ರಮದ ತಿರುಳು. ಟೇಪು ಬಾಗಿಲು ತೆರೆದುಕೊಡುತ್ತದೆ, ಒಳಗೆ ನಡೆದು ಹೋಗಬೇಕಾದವರು ನಾವು.

ಟೇಪಿಗೆ ಮೊದಲು ನಾಲ್ಕು ಪ್ರಶ್ನೆ

ನನ್ನ ತಪ್ಪಿನಿಂದ ನೀವು ಕಲಿಯಬೇಕಾದ ಪಾಠ ಇಲ್ಲಿದೆ. ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಕೆಲವು ಸರಳ ನಿಯಮಗಳನ್ನು ಪ್ರಕಟಿಸಿದರು. ಇಂದು ಜಗತ್ತಿನೆಲ್ಲೆಡೆ ಅವು ಬಳಕೆಯಲ್ಲಿವೆ. ಅವನ್ನು ನಾಲ್ಕು ಪ್ರಶ್ನೆಗಳಾಗಿ ಹೇಳುತ್ತೇನೆ, ನೋಟ್‌ಬುಕ್ ಇದ್ದವರು ಬರೆದುಕೊಳ್ಳಿ.

ಒಂದು: ಪೆಟ್ಟು ಬಿದ್ದ ಕೂಡಲೇ, ಮತ್ತು ಈಗಲೂ, ನಾಲ್ಕು ಹೆಜ್ಜೆ ನಡೆಯಲು ಆಗುತ್ತಿದೆಯೇ? ಕುಂಟಿದರೂ ಚಿಂತೆಯಿಲ್ಲ, ಕಾಲಿನ ಮೇಲೆ ಭಾರ ಹಾಕಲು ಆಗಬೇಕು.

ಎರಡು: ಗಂಟಿನ ಒಳಬದಿ ಮತ್ತು ಹೊರಬದಿಯಲ್ಲಿ ಉಬ್ಬಿರುವ ಎರಡು ಮೂಳೆಗಳ ಹಿಂದಿನ ಅಂಚನ್ನಾಗಲಿ ತುದಿಯನ್ನಾಗಲಿ ಬೆರಳಿನಿಂದ ಒತ್ತಿದರೆ ನೋವಿದೆಯೇ?

ಮೂರು: ಪಾದದ ಹೊರ ಅಂಚಿನ ನಡುಭಾಗದಲ್ಲಿ, ಕಿರುಬೆರಳಿನಿಂದ ಹಿಂದಕ್ಕೆ ಬಂದಾಗ ಸಿಗುವ ಗಡುಸು ಉಬ್ಬನ್ನು ಒತ್ತಿದರೆ ನೋವಿದೆಯೇ?

ನಾಲ್ಕು: ಪಾದದ ಒಳಬದಿಯಲ್ಲಿ, ಗಂಟಿನ ಮುಂದೆ ಸ್ವಲ್ಪ ಕೆಳಗೆ ಇರುವ ಮೂಳೆಯನ್ನು ಒತ್ತಿದರೆ ನೋವಿದೆಯೇ?

ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಈ ಮೂಳೆಗಳಲ್ಲಿ ಒಂದರ ಮೇಲಾದರೂ ನೋವಿದ್ದರೆ, ಟೇಪಿನ ಪೆಟ್ಟಿಗೆ ಮುಚ್ಚಿಡಿ. ವೈದ್ಯರ ಬಳಿಗೆ ಹೋಗಿ ಎಕ್ಸ್‌ರೇ ತೆಗೆಸಿ. ಅಂದು ನಾನು ಮೂರನೆಯ ಪ್ರಶ್ನೆಯನ್ನು ಕೇಳಿದ್ದರೆ ಆ ಹುಡುಗನ ಕಥೆಯೇ ಬೇರೆಯಾಗುತ್ತಿತ್ತು.

ನಮ್ಮ ಊರುಗಳಲ್ಲಿ ಇನ್ನೊಂದು ಅಭ್ಯಾಸವಿದೆ. ಕಾಲು ಉಳುಕಿದ ದಿನವೇ ಎಣ್ಣೆ ಹಚ್ಚಿ ಜೋರಾಗಿ ನೀವಿಸುವುದು, ಎಳೆದು “ಲಟಕ್” ಎನ್ನಿಸುವುದು. ಹಿರಿಯರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಆಗತಾನೇ ಹರಿದ ಎಳೆಗಳನ್ನು ಎಳೆದರೆ ಇನ್ನಷ್ಟು ಹರಿಯುತ್ತವೆ, ಮೂಳೆ ಬಿರುಕು ಬಿಟ್ಟಿದ್ದರೆ ಅದು ಸರಿಯಬಹುದು. ಮೊದಲ ಎರಡು ಮೂರು ದಿನ ಕಾಲನ್ನು ಎತ್ತರದಲ್ಲಿಡಿ, ಕ್ರೇಪ್ ಬ್ಯಾಂಡೇಜನ್ನು ಹಿತವಾಗಿ ಸುತ್ತಿ, ನೋವು ಅನುಮತಿಸುವಷ್ಟು ಮಾತ್ರ ನಡೆಯಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ನೋವನ್ನು ತಗ್ಗಿಸುತ್ತದೆ, ಗಾಯವನ್ನು ಬೇಗ ಮಾಯಿಸುತ್ತದೆ ಎಂದು ತಿಳಿಯಬೇಡಿ. ಊತ ಏರುತ್ತಿರುವಾಗ ಹಿಗ್ಗದ ಟೇಪನ್ನು ಸುತ್ತಲೂ ಬಿಗಿಯಬೇಡಿ, ರಕ್ತ ಸಂಚಾರಕ್ಕೆ ತಡೆಯಾಗುತ್ತದೆ.

ಸುತ್ತುವ ಕ್ರಮ

ಗಾಯ ಮಾಗಿ, ಆಟಕ್ಕೆ ಮರಳುವ ಹಂತದಲ್ಲಿ ಬಿಳಿ ಟೇಪು ಹಾಕುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಓದಿ ಕಲಿಯುವ ವಿದ್ಯೆ ಇದಲ್ಲ. ತಿಳಿದವರ ಎದುರು ನಾಲ್ಕು ಸಲ ಮಾಡಿ ಕಲಿಯಬೇಕು.

ಕಾಲನ್ನು ತೊಳೆದು ಒರೆಸಿ, ಕೂದಲು ಹೆಚ್ಚಿದ್ದರೆ ತೆಗೆಯಿರಿ. ಬೆಂಚಿನ ಮೇಲೆ ಕಾಲು ಚಾಚಿ, ಪಾದ ಹೊರಗಿರುವಂತೆ ಕುಳಿತು, ಪಾದವನ್ನು ಕಾಲಿಗೆ ಸರಿಯಾಗಿ ತೊಂಬತ್ತು ಡಿಗ್ರಿಯಲ್ಲಿ ಹಿಡಿಯಿರಿ. ಪಾದ ಕೆಳಕ್ಕೆ ಬಿದ್ದಿದ್ದಾಗ ಸುತ್ತಿದ ಟೇಪು ಆಟದಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಹಿಮ್ಮಡಿಯ ಮೇಲಿನ ನರದಂತಹ ಭಾಗಕ್ಕೂ ಪಾದದ ಮುಂದಿನ ಮಡಿಕೆಗೂ ಹತ್ತಿಯ ತುಂಡಿಡಿ, ಇಲ್ಲದಿದ್ದರೆ ಚರ್ಮ ಸುಲಿಯುತ್ತದೆ.

ಗಂಟಿನಿಂದ ಮೇಲೆ, ಮೀನಖಂಡದ ಕೆಳಗೆ, ಬಿಗಿಯದೆ ಒಂದೆರಡು ಸುತ್ತು ಹಾಕಿ. ಇದು ಗೂಟ. ಆ ಗೂಟದ ಒಳಬದಿಯಿಂದ ಹೊರಟು, ಹಿಮ್ಮಡಿಯ ಅಡಿಯಿಂದ ಹಾಯಿಸಿ, ಹೊರಬದಿಗೆ ಎಳೆದು ಮೇಲಿನ ಗೂಟಕ್ಕೆ ಅಂಟಿಸಿ. ದಿಕ್ಕು ನೆನಪಿರಲಿ: ಒಳಗಿನಿಂದ ಹೊರಗೆ. ಕುದುರೆಯ ರಿಕಾಪಿನಂತೆ ಇರುವ ಇಂಥ ಮೂರು ಪಟ್ಟಿಗಳನ್ನು ಒಂದರ ಮೇಲೆ ಅರ್ಧ ಒಂದು ಬರುವಂತೆ ಹಾಕಿ. ಅನಂತರ ಆರು ಅಂಕಿಯ ಆಕಾರದಲ್ಲಿ ಒಂದು, ಹಿಮ್ಮಡಿಯನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಬೀಗದಂಥ ಸುತ್ತು ಒಂದೊಂದು. ಕೊನೆಗೆ ಖಾಲಿ ಜಾಗ ಉಳಿಯದಂತೆ ಮುಚ್ಚಿ. ಖಾಲಿ ಉಳಿದ ಕಡೆ ಬೊಬ್ಬೆ ಏಳುತ್ತದೆ.

ಮುಗಿದ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಉಗುರು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ನೀಲಿಯಾದರೆ ಕೂಡಲೇ ಕತ್ತರಿಸಿ ತೆಗೆಯಿರಿ. ಆಟ ಮುಗಿದ ಮೇಲೆ ಬಿಳಿ ಟೇಪನ್ನು ಇಟ್ಟುಕೊಂಡು ಮಲಗಬೇಡಿ. ತೆಗೆಯುವಾಗ ಚರ್ಮವನ್ನು ಒತ್ತಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲಿ ನಿಧಾನವಾಗಿ ತೆಗೆಯಿರಿ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದರೆ ಅಂಟು ಸಡಿಲವಾಗುತ್ತದೆ. ತೆರೆದ ಗಾಯದ ಮೇಲೆ, ಅಂಟಿನ ಅಲರ್ಜಿ ಇದ್ದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಟೇಪು ಬೇಡ.

ಪ್ರತಿದಿನ ಟೇಪು ಖರ್ಚಿನ ಬಾಬತ್ತು. ನಮ್ಮ ಅನೇಕ ಮನೆಗಳಿಗೆ ಅದು ಭಾರವೇ. ಲೇಸು ಕಟ್ಟುವ ಆ್ಯಂಕಲ್ ಬ್ರೇಸು ಒಮ್ಮೆ ಕೊಂಡರೆ ಬಹುಕಾಲ ಬರುತ್ತದೆ, ಒಬ್ಬನೇ ಹಾಕಿಕೊಳ್ಳಬಹುದು. ಸಂಘದವರು ಕ್ರೀಡಾ ಸಾಮಗ್ರಿ ಕೊಳ್ಳುವಾಗ ಜೆರ್ಸಿಯ ಜೊತೆ ಇಂಥ ನಾಲ್ಕಾರು ಬ್ರೇಸುಗಳನ್ನೂ ಕೊಳ್ಳಲಿ ಎಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.

ಹಣ ಖರ್ಚಿಲ್ಲದ ಔಷಧಿ

ಮಲಗಿದ ಕಾವಲುಗಾರನನ್ನು ಎಬ್ಬಿಸುವುದು ಹೇಗೆ? ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಉಳುಕಿದ ಕಾಲೊಂದರ ಮೇಲೆಯೇ ನಿಲ್ಲಿ. ಮೊದಲು ಗೋಡೆ ಹಿಡಿದು, ಆಮೇಲೆ ಬಿಟ್ಟು. ಅರ್ಧ ನಿಮಿಷ ಅಲುಗಾಡದೆ ನಿಲ್ಲಲು ಬಂದರೆ ಕಣ್ಣು ಮುಚ್ಚಿ ನಿಲ್ಲಿ. ಅದೂ ಬಂದರೆ ಮಡಚಿದ ದಿಂಬಿನ ಮೇಲೆ ನಿಲ್ಲಿ. ಅನಂತರ ಒಂಟಿ ಕಾಲಲ್ಲಿ ನಿಂತು ಗೆಳೆಯ ಎಸೆದ ಚೆಂಡನ್ನು ಹಿಡಿಯಿರಿ. ಹಲ್ಲುಜ್ಜುವಾಗ ಮಾಡಿದರೂ ಆಯಿತು.

ಇದು ಮಕ್ಕಳ ಆಟದಂತೆ ಕಾಣಬಹುದು. ಆದರೆ ನೆದರ್ಲೆಂಡ್ಸ್ ದೇಶದಲ್ಲಿ ಕಾಲು ಉಳುಕಿದ 522 ಆಟಗಾರರ ಮೇಲೆ ಒಂದು ಅಧ್ಯಯನ ನಡೆಯಿತು, 2009ರಲ್ಲಿ ಪ್ರಕಟವಾಯಿತು. ಎಲ್ಲರೂ ತಮ್ಮ ಎಂದಿನ ಚಿಕಿತ್ಸೆ ಪಡೆದರು. ಅರ್ಧದಷ್ಟು ಮಂದಿ ಅದರ ಜೊತೆಗೆ ಎಂಟು ವಾರ ಮನೆಯಲ್ಲೇ ಇಂಥ ಸಮತೋಲನ ವ್ಯಾಯಾಮ ಮಾಡಿದರು. ಒಂದು ವರ್ಷದಲ್ಲಿ ವ್ಯಾಯಾಮ ಮಾಡದವರಲ್ಲಿ ನೂರಕ್ಕೆ 33 ಮಂದಿಗೆ ಮತ್ತೆ ಉಳುಕಿತು, ಮಾಡಿದವರಲ್ಲಿ ನೂರಕ್ಕೆ 22 ಮಂದಿಗೆ. ಅದೇ ದೇಶದ 2014ರ ಇನ್ನೊಂದು ಅಧ್ಯಯನದಲ್ಲಿ, ವರ್ಷವಿಡೀ ಆಟದ ಹೊತ್ತಿನಲ್ಲಿ ಬ್ರೇಸು ಹಾಕಿದವರಲ್ಲಿ ನೂರಕ್ಕೆ 15 ಮಂದಿಗೆ ಮಾತ್ರ ಮತ್ತೆ ಉಳುಕಿತು; ಬರೀ ವ್ಯಾಯಾಮ ಮಾಡಿದವರಲ್ಲಿ 27. ಅಂದರೆ ಹೊರಗಿನ ಆಸರೆಯೂ ಬೇಕು, ಒಳಗಿನ ಬಲವೂ ಬೇಕು. ಯಾವುದೂ ಎರಡು ದಿನದ ಕೆಲಸವಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆ ಮೈದಾನಕ್ಕೂ ಸಲ್ಲುತ್ತದೆ.

ಆಟಕ್ಕೆ ಮರಳುವ ಮೊದಲು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಟೇಪಿಲ್ಲದೆ, ಮಾತ್ರೆಯಿಲ್ಲದೆ, ಸ್ಪ್ರೇ ಇಲ್ಲದೆ ಉಳುಕಿದ ಕಾಲಲ್ಲಿ ಹತ್ತು ಸಲ ಕುಪ್ಪಳಿಸಲು ಆಗುತ್ತದೆಯೇ? ಓಡುತ್ತಾ ತಟ್ಟನೆ ತಿರುಗಲು ಆಗುತ್ತದೆಯೇ? ಟೇಪಿಲ್ಲದೆ ಆಗದ್ದನ್ನು ಟೇಪು ಹಾಕಿ ಮಾಡಹೊರಟರೆ ಅದು ಆಟವಲ್ಲ, ಜೂಜು.

ಮೂವರಿಗೆ ಮೂರು ಮಾತು

ವಿದ್ಯಾರ್ಥಿನಿಯರಿಗೆ ಒಂದು ಮಾತು. ನನ್ನ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಹಲವರು ತಿಂಗಳುಗಟ್ಟಲೆ ನೋವು ನುಂಗಿಕೊಂಡು ಬಂದಿರುತ್ತಾರೆ. ಕೇಳಿದರೆ, “ಮನೆಯಲ್ಲಿ ಹೇಳಿದರೆ ಆಟವನ್ನೇ ಬಿಡಿಸಿಬಿಡುತ್ತಾರೆ ಸಾರ್” ಎನ್ನುತ್ತಾರೆ. ಕಾಲುಚೀಲದೊಳಗೆ ತಾವೇ ಏನೋ ಸುತ್ತಿಕೊಂಡು ಥ್ರೋಬಾಲ್ ಆಡುತ್ತಿರುತ್ತಾರೆ. ಮುಚ್ಚಿಟ್ಟ ನೋವು ಬೆಳೆಯುತ್ತದೆ ತಂಗಿಯರೇ. ನಿಮ್ಮ ಅಧ್ಯಾಪಕಿಯರಿಗಾದರೂ ಹೇಳಿ.

ಹೆತ್ತವರಿಗೆ ಒಂದು ಮಾತು. ಮಗಳು ನೋವು ಎಂದರೆ ಆಟ ಬಿಡಿಸುವುದು, ಮಗ ನೋವು ಎಂದರೆ “ಗಂಡಸಲ್ಲವೇ, ತಡೆದುಕೋ” ಎನ್ನುವುದು, ಎರಡೂ ಸರಿಯಲ್ಲ. ಇಬ್ಬರಿಗೂ ಬೇಕಾದದ್ದು ಒಂದೇ: ಪರೀಕ್ಷೆ, ವಿಶ್ರಾಂತಿ, ವ್ಯಾಯಾಮ, ಮತ್ತೆ ಆಟ.

ತರಬೇತುದಾರರಿಗೆ ಒಂದು ಮಾತು. ಫೈನಲಿನ ದಿನ ನಿಮ್ಮ ಒತ್ತಡ ನನಗೆ ಗೊತ್ತು. ಆದರೆ ಹದಿನೇಳರ ಹುಡುಗ “ಆಡುತ್ತೇನೆ” ಎಂದೇ ಹೇಳುತ್ತಾನೆ. “ಬೇಡ” ಎಂದು ಹೇಳಲು ಅವನಿಗೆ ಬರುವುದಿಲ್ಲ. ಅವನ ಪರವಾಗಿ ಅದನ್ನು ನೀವು ಹೇಳಬೇಕು. ಕಪ್ಪು ಮುಂದಿನ ವರ್ಷವೂ ಇರುತ್ತದೆ. ಕಾಲು ಮಾತ್ರ ಅವನಿಗೆ ಜೀವಮಾನಕ್ಕೆಲ್ಲ ಅವೇ ಎರಡು.

ಮಾತು ಮುಗಿಸುವ ಮೊದಲು ಆ ವಾಲಿಬಾಲ್ ಹುಡುಗನ ಕಥೆಯನ್ನು ಪೂರ್ತಿ ಮಾಡುತ್ತೇನೆ. ಮೂಳೆ ಕೂಡಿತು. ಅವನು ಚೆನ್ನಾಗಿ ಓದಿ ನೌಕರಿಗೂ ಸೇರಿದ. ಮೊದಲಿನಂತೆ ತಂಡದಲ್ಲಿ ಆಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಸಂಜೆ ನನ್ನ ಬಾಗಿಲಲ್ಲಿ ನಿಂತಿದ್ದ. ಪಕ್ಕದಲ್ಲಿ ಕುಂಟುತ್ತಿದ್ದ ಅವನ ತಮ್ಮ. ಅವನನ್ನು ನೋಡಿ ನನಗೆ ಸಂಕೋಚವಾಯಿತು, ಬೇರೆ ಯಾರ ಬಳಿಗಾದರೂ ಹೋಗಬಹುದಿತ್ತಲ್ಲ ಎನಿಸಿತು. ತಮ್ಮನನ್ನು ಬೆಂಚಿನ ಮೇಲೆ ಕೂರಿಸಿ, ಅವನು ನಗುತ್ತಾ ಇಷ್ಟೇ ಹೇಳಿದ: “ಟೇಪು ಆಮೇಲೆ ಹಾಕಿ ಸಾರ್. ಮೊದಲು ಒತ್ತಿ ನೋಡಿ.”

ಅಂದಿನಿಂದ ಇಂದಿನವರೆಗೆ ಒತ್ತಿ ನೋಡದೆ ನಾನು ಯಾರಿಗೂ ಟೇಪು ಹಾಕಿಲ್ಲ. ಮೂರು ವಾರಗಳ ನಂತರ ನಿಮ್ಮ ಮೈದಾನದಲ್ಲಿ ಯಾರಾದರೂ ಬಿದ್ದರೆ, ಟೇಪಿನ ಪೆಟ್ಟಿಗೆ ಹಿಡಿದು ಓಡುವ ಮೊದಲು ಆ ಹುಡುಗನ ಮಾತನ್ನು ನೆನಪಿಸಿಕೊಳ್ಳಿ. ಕ್ರೀಡಾಕೂಟ ಯಶಸ್ವಿಯಾಗಲಿ, ಬಂದವರೆಲ್ಲ ತಮ್ಮ ಕಾಲ ಮೇಲೆಯೇ ನಡೆದು ಮನೆ ಸೇರಲಿ ಎಂದು ಹಾರೈಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.